ನಾಲ್ಕು ಎಣಿಕೆಯ ಮೌನ

ನವೆಂಬರ್ 10, ಭಾನುವಾರ

ಇಚಲಕರಂಜಿಯಿಂದ ಎಂಟರ ಎಸ್‌ಟಿ ಬಸ್ಸು. ನಾನು, ಜೊತೆಗೆ ಮಗ್ಗದ ಗೆಳತಿ ತಾರವ್ವ. ಕೊಲ್ಹಾಪುರದಲ್ಲಿ ಮಾಣಿಕಬಾಯಿಯವರ ಮನೆ, ಹಾಡಿನ ತಾಲೀಮು. ಅವರು ರಿಟೈರ್ಡ್ ಟೀಚರ್. ಭಜನೆಯಲ್ಲಿ ನನ್ನ ದನಿ ಕೇಳಿ ತಮ್ಮ ಕ್ವಾಯರಿಗೆ, ಹಾಡುವ ಮೇಳಕ್ಕೆ, ಸೇರಿಸಿಕೊಂಡವರು. ಆರು ವರ್ಷವಾಯಿತು. ವಾರವಿಡೀ ಮಗ್ಗದವಳು. ಈ ಒಂದು ದಿನ ಮಾತ್ರ ನಾನು ನಾನು.

ಹೊಸ ಹಾಡು ಕೊಟ್ಟರು. ವಿವರಿಸುವಾಗ ಕಿಟಕಿ ಕಡೆ ತಿರುಗಿಬಿಟ್ಟರು. ಏನೂ ತಿಳಿಯಲಿಲ್ಲ. ವಾಪಸ್ ಬರುವಾಗ ತಾರವ್ವ ಹೇಳಿದಳು — ಹಳೇ ಇಂಗ್ಲಿಷ್ ಪದ್ಯವಂತೆ, ಬರೆದವರು ಯಾರೋ ಗೊತ್ತಿಲ್ಲ. ಕಳೆದ ಶತಮಾನದಲ್ಲಿ ಅಲ್ಲಿಯವನೊಬ್ಬ ನಾಲ್ಕು ದನಿಗೆ ಕೂರಿಸಿದ್ದು. ಪೇಟಿ ಇಲ್ಲ, ತಬಲಾ ಇಲ್ಲ. ಸತ್ತ ಮಗಳನ್ನು ತಾಯಿ ಕೇಳುತ್ತಾಳೆ: ಅಲ್ಲಿ ಚಳಿಯೇ? ನಾಲ್ಕು ಎಣಿಸುವಷ್ಟು ಮೌನ. ಆಮೇಲೆ ಎಲ್ಲರೂ ಮೆತ್ತಗೆ — ನೋ.



ನವೆಂಬರ್ 24

ಎರಡು ವರ್ಷದಿಂದ ಕಿವಿ ಮಂದ. ಇಪ್ಪತ್ತೆರಡು ವರ್ಷ ಮಗ್ಗದ ಖಟಖಟ... ಇನ್ನೇನಾದೀತು. ತಾರವ್ವನಿಗೆ ಮಾತ್ರ ಗೊತ್ತು. ಮಗ್ಗದ ಶೆಡ್ಡಿನಲ್ಲಿ ನಾವೆಲ್ಲ ಮಾತಾಡುವುದು ತುಟಿಯಿಂದಲೇ. ಆ ಸದ್ದಿನಲ್ಲಿ ದನಿಗೆ ಏನು ಕೆಲಸ? ಕ್ವಾಯರಿನಲ್ಲೂ ಅದೇ ಮಾಡುತ್ತೇನೆ, ಅವಳ ತುಟಿ ನೋಡಿ ಹಾಡುತ್ತೇನೆ. ಸ್ವರ ಕಲಿಯುವುದು ಮೊಬೈಲ್ ಕಿವಿಗೊತ್ತಿಕೊಂಡು, ಫುಲ್ ವಾಲ್ಯೂಮಿನಲ್ಲಿ.

ಮಾಣಿಕಬಾಯಿಗೆ ತಿಳಿದರೆ ಮುಗಿಯಿತು. ಭಾನುವಾರವೂ ಹೋದರೆ ನನಗೆ ಉಳಿಯುವುದೇನು?

ಡಿಸೆಂಬರ್ 15, ಗಡಹಿಂಗ್ಲಜ

ಕಾರ್ಯಕ್ರಮ ಆಯಿತು. ಹಾಳಾಯಿತು. ನನ್ನಿಂದ.

ಆ ಮೌನ ಬಂತು. ನಾನೆಲ್ಲಿ ಮರೆತೇನೋ ಎಂದು ತಾರವ್ವ ನನ್ನ ಕಡೆ ತಿರುಗಿ, ಮುಂದಿನ ಶಬ್ದವನ್ನು ದನಿಯಿಲ್ಲದೆ ಹೇಳಿಕೊಟ್ಟಳು. ಶೆಡ್ಡಿನ ಚಾಳಿ. ಹಾಡುತ್ತಿದ್ದಾಳೆ ಅಂದುಕೊಂಡೆ. ಬಾಯಿ ತುಂಬ ಹಾಡಿದೆ — ನೋ. ಒಬ್ಬಳೇ. ಇಡೀ ಸಭೆಯೇ ನನ್ನನ್ನು ನೋಡಿತು.

ಬಸ್ಸಿನ ಹತ್ತಿರ ಮಾಣಿಕಬಾಯಿ ಹಿಂದಿನಿಂದ ಮೂರು ಸಲ ಕರೆದರಂತೆ. ನಾನು ತಿರುಗಲಿಲ್ಲ. ಮುಂದೆ ಬಂದು ನಿಂತರು.

"ಎಷ್ಟ ದಿನಾತ, ಶಾಲನ?"

"ಎರಡ ವರ್ಷ ಆತ್ರಿ ಬಾಯಿ. ನನ್ನ ತಗದ ಹಾಕಬ್ಯಾಡ್ರಿ."

ಅವರು ಬಸ್ ಹತ್ತಿದರು.

ಜನವರಿ 5

ಮೂರು ಭಾನುವಾರವಾಯಿತು, ಹೋಗಿಲ್ಲ. ತಾರವ್ವ ಒಬ್ಬಳೇ ಹೋಗಿ ಬರುತ್ತಾಳೆ. ತಪ್ಪು ತನ್ನದೇ ಎಂದು ಅಲ್ಲಿ ಅತ್ತಳಂತೆ. ಹುಚ್ಚಿ. ಇವತ್ತು ಸಂಜೆ ಬಂದು ನನ್ನೆದುರು ಕೂತಳು.

"ಬಾಯಿ ಕರದಾರ. ನೀ ಒಬ್ಬಾಕಿನ ಹಾಡಬೇಕಂತ."

ಜನವರಿ 12

ಹೋದೆ. ತಾರವ್ವನನ್ನು ನನ್ನ ಹಿಂದೆ ನಿಲ್ಲಿಸಿದರು. ನೋಡಲು ತುಟಿಯಿಲ್ಲ, ಮಾಣಿಕಬಾಯಿಯ ಬೆರಳು ಮಾತ್ರ.

ಹಾಡಿದೆ. ಚಳಿಯೇ ಎಂದು ಕೇಳಿದೆ. ನಾಲ್ಕು ಎಣಿಸಿದೆ. ಕೊನೆಯವರೆಗೂ ನಾನು ನಿಲ್ಲಿಸಲಿಲ್ಲ. ಎದೆಯಲ್ಲಿ ದನಿ ನಡುಗಿದ್ದಷ್ಟೇ ಗೊತ್ತು, ಹೊರಗೆ ಏನು ಬಂತೋ ಗೊತ್ತಿಲ್ಲ.

ಮಾಣಿಕಬಾಯಿ ಕಣ್ಣೊರೆಸಿಕೊಂಡರು. ಸ್ವರ ಸರಿಯಿತ್ತೆಂದೋ, ಪೂರ್ತಿ ತಪ್ಪಿದೆಯೆಂದೋ... ಕೇಳಲು ಧೈರ್ಯವಾಗಲಿಲ್ಲ. ತಾರವ್ವನಾದರೂ ಹೇಳಲಿ ಎಂದು ತಿರುಗಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಓದಲು ತುಟಿಯೇ ಕಾಣಲಿಲ್ಲ.