ಲಂಡನ್ನಿಗೆ ಅರ್ಧ ಗಂಟೆ

ದಿವಂಗತ ಅಜ್ಜಿ ಸಪ್ಪಲಮ್ಮನವರ ಸನ್ನಿಧಾನಕ್ಕೆ,

ಉಭಯ ಕುಶಲ ಅಂತ ಬರೆಯೋಕೆ ಕೈ ಏಳ್ತಿಲ್ಲ. ನಿನ್ನ ಮಗಳು ದಿವ್ಯತ್ತೆಯನ್ನು ಇವತ್ತು ಬೆಳಿಗ್ಗೆ ಏರ್‌ಪೋರ್ಟಿನಿಂದ ಕರ್ಕೊಂಡು ಬಂದೆ. “ಎಂಟು ಸಾವಿರ ಕಿಲೋಮೀಟರು, ಹತ್ತು ಗಂಟೆ ಕೂತಿದ್ದೀನಿ ಕಣೋ. ಅಮ್ಮ ಆಂಬುಲೆನ್ಸ್ ಯಾಕೋ ಹತ್ತಲಿಲ್ಲ?” ಅಂತ ಕೇಳಿದಳು.

ನಿನ್ನೆ ಅತ್ತೆ ಲಂಡನ್ನಿನಿಂದ ಫೋನಿನಲ್ಲಿ “ಹೊರಟೆ” ಅಂದಿದ್ದೇ ತಡ, ನೀನು ಎದೆ ಹಿಡ್ಕೊಂಡೇ ಹಟ ಹಿಡಿದೆ. “ಇನ್ನರ್ಧ ಗಂಟೆ ತಾನೆ? ಮಗಳ ಮುಖ ನೋಡಿಯೇ ಆಸ್ಪತ್ರೆಗೆ ಬರೋದು.” ನಮ್ಮ ಮನೆ ಮೇಲೆ ಹಾರೋ ವಿಮಾನ ಅರ್ಧ ಗಂಟೆಗೆಲ್ಲ ಲಂಡನ್ ಮುಟ್ಟುತ್ತೆ ಅಂತ ವರ್ಷವೆಲ್ಲ ನಿನಗೆ ಪ್ರವಚನ ಕೊಟ್ಟವನು ನಾನೇ. “ತಮಾಷೆಗೆ ಹೇಳಿದ್ದು ಅಜ್ಜೀ, ಅತ್ತೆ ನಾಳೇನೇ ಬರೋದು” ಅಂತ ಅಳ್ತಾ ಗೋಗರೆದೆ. “ಹೋಗೋ ಕಳ್ಳ, ಈಗ್ಲೂ ತಮಾಷೇನಾ?” ಅಂತ ನೀನು ನಕ್ಕೆ.

ದಿವ್ಯತ್ತೆಗೆ ಅದೊಂದನ್ನೂ ಹೇಳಲಿಲ್ಲ. “ಅಜ್ಜೀದು ಮೊದಲಿಂದ್ಲೂ ಹಟ” ಅಂದೆ. ಹೌದು ಕಣೋ ಅಂತ ಕಣ್ಣೊರೆಸಿಕೊಂಡಳು.