ಕೊನೆಯವರಿಗೂ ಬಿಸಿನೀರು

ಅಮ್ಮಾ,

ನಾನೇ ನಕ್ಷೆ ಬರೆದು ಕಟ್ಟಿಸಿದ ಮನೆಯಲ್ಲಿ ಇವತ್ತು ಎಲ್ಲರ ಮೊದಲ ಸ್ನಾನ. ಹಳೇ ಮನೆಯಲ್ಲಿ ಅಪ್ಪ ಮೊದಲು, ನೀನು ಕೊನೆಗೆ; ನಿನ್ನ ಪಾಲಿಗೆ ಯಾವಾಗಲೂ ತಣ್ಣೀರು. "ಬಿಸಿಲಲ್ಲಿ ನೀರು ಕಾಯುತ್ತಂತೆ, ನಿನ್ನ ತಲೆ" ಎಂದು ನನ್ನ ಸೋಲಾರ್ ಯೋಚನೆಯನ್ನು ಆಡಿಕೊಂಡಿದ್ದ ಅಪ್ಪನನ್ನು ಇವತ್ತು ಬೇಕೆಂದೇ ಕೊನೆಗೆ ಕಳಿಸಿದೆ.

ಬಚ್ಚಲನ್ನು ಸೋಲಾರ್ ಟ್ಯಾಂಕಿನ ನೇರ ಕೆಳಗೇ ಇಟ್ಟು, ಬಿಸಿ ಆರದಿರಲೆಂದು ಪೈಪಿಗೆ, ನೀನು ತೀರಿಹೋದ ಮೇಲೆ ಎತ್ತಿಟ್ಟಿದ್ದ ನಿನ್ನ ಉಣ್ಣೆ ಶಾಲು ಸುತ್ತಿದ್ದೇನೆ. "ಪೈಪಿಗೂ ಚಳಿನಾ?" ಎಂದು ಪ್ಲಂಬರ್ ಬಿದ್ದು ಬಿದ್ದು ನಕ್ಕಿದ್ದ.

ಐದು ಜನ ಮಿಂದ ಮೇಲೂ ಅಪ್ಪ ಒಳಗಿಂದ ಕೂಗಿದರು: "ಸುಡ್ತಿದೆ ಕಣೇ, ತಣ್ಣೀರಿಗೆ ಯಾವ ಕಡೆ ತಿರುಗಿಸ್ಲಿ?"

ಗೆದ್ದುಬಿಟ್ಟೆ ಅಮ್ಮ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.

ಅಪ್ಪ ಕೆಂಪಗಾಗಿ ಹೊರಬಂದರು. "ಕೊನೆಯವರಿಗೂ ಇಷ್ಟು ಬಿಸಿ ಇರುತ್ತಾ?"

"ಈ ಮನೇಲಿ ಇರುತ್ತೆ," ಎಂದೆ.

ಆಮೇಲೆ ಅವರು ಟವೆಲಿನಲ್ಲಿ ಮುಖ ಮರೆಸಿಕೊಂಡು, ಒಣಗಿದ ತಲೆಯನ್ನೇ ಬಹಳ ಹೊತ್ತು ಒರೆಸುತ್ತಿದ್ದರು.