ಮನಸ್ಸಲ್ಲೇ ಹೇಳಿಕೊಂಡ ಪ್ರಾರ್ಥನೆ

ಅತ್ತೆಯವರೆ,

ನೀವು ತೀರಿಕೊಂಡು ಒಂಬತ್ತು ವರ್ಷವಾಯಿತು. ಈ ಕಾಗದ ನನ್ನ ಪ್ರಾರ್ಥನೆಯ ಪುಸ್ತಕದೊಳಗೇ ಇರುತ್ತದೆ.

ಇವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ದವಡೆ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಹಲ್ಲಿನ ಬೇರಿಗೆ ಕಲ್ಲಿನಂತೆ ಅಂಟಿದ್ದ ಕೊಳೆಯನ್ನೆಲ್ಲ ಕೆರೆದು ಹೊಲಿಗೆ ಹಾಕಿದರು. ಅಲ್ಲಾಡುತ್ತಿದ್ದ ಎರಡು ಹಲ್ಲು ಕಿತ್ತರು.

ಶುರು ಮಾಡುವ ಮುಂಚೆ ನಾನೇ ಕೇಳಿದ್ದೆ. "ದಿನಾ ಎರಡು ಸಲ ಉಜ್ತೀನಿ ಡಾಕ್ಟ್ರೇ, ಆದ್ರೂ ಬಾಯಿ ವಾಸನೆ ಹೋಗಲ್ಲ."

"ಇನ್ನೂ ಉಜ್ಜಿದ್ರೆ ಬ್ರಷ್ ಸವೆಯುತ್ತೆ, ಅಷ್ಟೇ. ಕಾಯಿಲೆ ಒಸಡಿನ ಒಳಗಿದೆ ಅಮ್ಮ. ಇದು ಕೊಳಕುತನ ಅಲ್ಲ," ಎಂದರು.

ಈಗ ನನ್ನ ದಿಂಬಿನ ಮೇಲಿರುವಂತೆ ನಿಮ್ಮ ದಿಂಬಿನ ಮೇಲೂ ಒಸಡಿನ ರಕ್ತದ ಕಲೆ ಇರುತ್ತಿತ್ತು. ಒಗೆಯುತ್ತಿದ್ದವಳು ನಾನೇ.

ಒಂದು ಸಂಜೆ ನೀವು ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ನಾನು ಮುಖ ತಿರುಗಿಸಿ, "ಮನಸ್ಸಲ್ಲೇ ಹೇಳ್ಕೊಳ್ಳಿ ಅತ್ತೆ, ವಾಸನೆ ಬರುತ್ತೆ. ದೇವರಿಗೆ ಹೇಗೂ ಕೇಳ್ಸುತ್ತೆ," ಅಂದಿದ್ದೆ.

"ಆಗ್ಲಮ್ಮ," ಅಂದಿರಿ. ಆಮೇಲೆ ಪ್ರಾರ್ಥನೆಯ ಹೊತ್ತಲ್ಲಿ ನಿಮ್ಮ ದನಿ ಮತ್ತೆಂದೂ ಕೇಳಲಿಲ್ಲ.

ಹೊಲಿಗೆ ಬಿಚ್ಚುವವರೆಗೆ ಬಾಯಿ ಹೆಚ್ಚು ತೆರೆಯಬಾರದಂತೆ. ಇವತ್ತು ಸಂಜೆ ನಾನೂ ಮನಸ್ಸಲ್ಲೇ ಹೇಳಿಕೊಂಡೆ. ನಡುವೆ ಒಂದು ಸಾಲು ಮರೆತುಹೋಯಿತು. ಪಕ್ಕದಲ್ಲಿ ಗಟ್ಟಿಯಾಗಿ ಹೇಳುವವರು ಯಾರೂ ಇರಲಿಲ್ಲ.